ಗಂಟಿನ ಕೆಳಗಿನ ಚಿಗುರು

ಕನ್ನಡಕದ ಅಂಗಡಿಯವನು ನರ್ಸರಿಗೆ ಮೊದಲ ಸಲ ಬಂದದ್ದು ಜಗಳವಾಡುವುದಕ್ಕೆ. ಆದರೆ ಪಾಪ, ಜಗಳವಾಡಿ ಅಭ್ಯಾಸವಿಲ್ಲದ ಮನುಷ್ಯ. ಗೇಟಿನ ಬಳಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಲೇ ಎರಡು ನಿಮಿಷ ನಿಂತ. ಕೈಯಲ್ಲಿ, ಕನ್ನಡಕ ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಒಣ ಹೂಗೊಂಚಲು.

ಹಸಿರು ನೆರಳುಬಲೆಯ ಕೆಳಗೆ ಕಸಿಯಕ್ಕ ಕೂತಿದ್ದಳು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಹದಿನೆಂಟು ವರ್ಷ ಕಸಿ ಕಟ್ಟಿ ಕಟ್ಟಿ ಅದು ಅವಳ ಅಣ್ಣನ ಬಾಯಲ್ಲೂ ಉಳಿದಿರಲಿಲ್ಲ. ನರ್ಸರಿ ಅಣ್ಣನದು, ಕೈಗುಣ ಇವಳದು. ಬಲಗೈಯಲ್ಲಿ ಚಾಕು, ಎಡಗೈಯಲ್ಲಿ ಸಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಟೇಪಿನ ತುಂಡು. ಕಸಿ ಕಟ್ಟುವವರಿಗೆ ದೇವರು ಮೂರನೆಯ ಕೈ ಕೊಟ್ಟಿಲ್ಲವಾದ್ದರಿಂದ ಬಾಯಿಯೇ ಆ ಕೆಲಸ ಮಾಡಬೇಕು.

"ಮೇಡಂ, ಈ ಗಿಡ ನಿಮ್ಮಲ್ಲೇ ತಗೊಂಡಿದ್ದು. ಎಂಟು ವರ್ಷ ಆಯ್ತು. ಹೂ ಬಿಡುತ್ತೆ, ಉದುರುತ್ತೆ. ಇವತ್ತಿನವರೆಗೆ ಒಂದೇ ಒಂದು ಹಣ್ಣಿಲ್ಲ."

ಅವಳು ತಲೆ ಎತ್ತದೆ, ಟೇಪು ಕಚ್ಚಿಕೊಂಡೇ, ಗದ್ದದಿಂದ ಬೆಂಚು ತೋರಿಸಿದಳು. ಅವನು ಕೂತ. ಕೈಯಲ್ಲಿದ್ದ ಕಸಿಗೆ ಕೊನೆಯ ಸುತ್ತು ಹಾಕಿ ಗಂಟು ಬಿಗಿದ ಮೇಲಷ್ಟೇ ಅವಳಿಗೆ ಮಾತು ಬಂತು.

"ಯಾವ ಗಿಡ?"

"ಪುಲಾಸಾನ್."

ಆ ಹೆಸರು ಕೇಳಿದವರೇ ಕಡಿಮೆ. ಲಿಚಿಯ ಬಳಗದ ಮರ, ರಂಬುಟಾನಿನ ಒಡಹುಟ್ಟು. ರಂಬುಟಾನ್ ಮೈತುಂಬ ಕೂದಲು ಬಿಟ್ಟುಕೊಂಡು ಮೆರೆದರೆ ಇದಕ್ಕೆ ಗಿಡ್ಡ ಮೊಂಡು ಮುಳ್ಳು, ಕಡುಗೆಂಪು ಬಣ್ಣ. ಇದನ್ನು ಉಗುರಿನಿಂದ ಬಿಡಿಸುವುದಿಲ್ಲ. ಎರಡೂ ಅಂಗೈ ನಡುವೆ ಹಿಡಿದು ಡಬ್ಬಿಯ ಮುಚ್ಚಳದ ಹಾಗೆ ತಿರುಚಬೇಕು. ಸಿಪ್ಪೆ ಎರಡಾಗಿ, ಬಿಳಿ ತಿರುಳು ಇಡಿಯಾಗಿ ಎದ್ದು ಬರುತ್ತದೆ. ನರ್ಸರಿಯ ಹಿಂದಿನ ತಾಯಿಮರದ ಹಣ್ಣು ತಿಂದವರು ಲಿಚಿಯನ್ನು ಮರೆತೇಬಿಡುತ್ತಾರೆ ಎಂದು ಅಣ್ಣ ಗಿರಾಕಿಗಳಿಗೆ ಹೇಳುತ್ತಿದ್ದ. ವ್ಯಾಪಾರದ ಮಾತು, ಅರ್ಧ ನಿಜ.

ಕಸಿಯಕ್ಕ ಹೂಗೊಂಚಲನ್ನು ತೆಗೆದುಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು. ಕೈಯನ್ನು ಸ್ವಲ್ಪ ದೂರ ಚಾಚಿದಳು. ಇನ್ನೂ ಸ್ವಲ್ಪ ದೂರ. ಅವನು ಗೊಂಚಲನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದ.

"ನಿಮಗೆ ಚಾಳೀಸು ಬಂದಿದೆ," ಎಂದ.

"ಏನಂದ್ರಿ?"

"ಹತ್ತಿರದ್ದು ಕಾಣ್ತಿಲ್ಲ ನಿಮಗೆ. ಇನ್ನೆರಡು ವರ್ಷ ಹೋದ್ರೆ ಕೈಯ ಉದ್ದ ಸಾಲಲ್ಲ."

"ಸಾರ್, ನೀವು ಗಿಡದ ವಿಷಯಕ್ಕೆ ಬಂದಿದ್ದೀರೋ, ನಿಮ್ಮ ಅಂಗಡಿಗೆ ಗಿರಾಕಿ ಹುಡುಕ್ಕೊಂಡು ಬಂದಿದ್ದೀರೋ?"

ಅವನ ಕಿವಿ ಕೆಂಪಾಯಿತು. ನಲವತ್ತಾರು ವರ್ಷದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಅವಳಿಗೂ ನಲವತ್ತೆರಡು. ಮದುವೆಯ ಮಾತು ಮೂರು ಸಲ ಬಂದು ಮೂರು ಸಲ ಮುರಿದು, ಈಗ ಯಾರೂ ಆ ವಿಷಯ ಎತ್ತದ ವಯಸ್ಸು.

"ನನ್ನ ಕೈಯಿಂದ ಹೋದ ಗಿಡ ಹಣ್ಣು ಬಿಡದೆ ಇರಲ್ಲ. ತಪ್ಪು ನಿಮ್ಮ ಮಣ್ಣಿನದು," ಎಂದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು. "ಭಾನುವಾರ ಬಂದು ನೋಡ್ತೀನಿ."

*

ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಹಿತ್ತಿಲು. ಹಿತ್ತಿಲಿನ ನಡುವೆ ಮರ, ಮರದ ಕೆಳಗೆ ಒಂದು ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮುದುಕಿ. ಅವನ ತಾಯಿ ಇರಬೇಕು ಎಂದುಕೊಂಡಳು ಕಸಿಯಕ್ಕ. ತಾಯಿಯಲ್ಲ, ಅತ್ತೆ. ಹೆಂಡತಿ ಹೋಗಿ ನಾಲ್ಕು ವರ್ಷವಾಗಿತ್ತು. ಮಗಳಿಲ್ಲದ ಮನೆಯಲ್ಲಿ ನನಗೇನು ಕೆಲಸ ಎಂದು ಆಕೆ ಹೊರಟು ನಿಂತಾಗ, ನನಗೂ ಇನ್ಯಾರಿದ್ದಾರೆ ಅತ್ತೆ ಎಂದು ಅವನು ಆಕೆಯ ಪೆಟ್ಟಿಗೆಯನ್ನು ಮತ್ತೆ ಒಳಗಿಟ್ಟಿದ್ದನಂತೆ.

"ಓ, ಟೇಪಿನವರು ನೀವೇನಾ?" ಎಂದಳು ಮುದುಕಿ, ಕಣ್ಣರಳಿಸಿ. "ನನ್ನ ಮಗಳು ನಿಮ್ಮ ಕಥೆ ಹೇಳಿ ಹೇಳಿ ನಗೋಳು. ಗಿಡ ತಂದು ಒಂದು ತಿಂಗಳಿಗೆ ಅದರಲ್ಲಿ ಎರಡು ಚಿಗುರು ಬಂತು. ಯಾವುದನ್ನ ಉಳಿಸಲಿ ಅಂತ ಕುಂಡ ಹೊತ್ಕೊಂಡೇ ನಿಮ್ಮ ಹತ್ರ ಓಡಿದ್ಲು. ನೀವು ಬಾಯಲ್ಲಿ ಟೇಪು ಕಚ್ಕೊಂಡು, ಗದ್ದದಲ್ಲೇ ಹೀಗೆ ತೋರಿಸಿದ್ರಂತೆ." ಮುದುಕಿ ಗದ್ದ ಮುಂದೆ ಮಾಡಿ, ತುಟಿ ಬಿಗಿದು, ಹೂಂ ಹೂಂ ಎಂದು ಮಾಡಿ ತೋರಿಸಿದಳು. "ಮನೆಗೆ ಬಂದು ದಿನವಿಡೀ ಅದನ್ನೇ ಮಾಡಿದ್ದು. ಅಡುಗೆ ಆಯ್ತಾ ಅಂದ್ರೆ ಹೂಂ ಹೂಂ."

ಮೂವರೂ ನಕ್ಕರು. ಕಸಿಯಕ್ಕನಿಗೆ ಆ ಹೆಂಗಸಿನ ಮುಖ ನೆನಪಾಗಲಿಲ್ಲ. ದಿನಕ್ಕೆ ಎಷ್ಟು ಜನ ಬಂದು ಎಷ್ಟು ಕೇಳುತ್ತಾರೆ.

ಅವಳು ಮಣ್ಣು ಮುಟ್ಟಿದಳು, ಎಲೆ ಮಡಿಸಿ ನೋಡಿದಳು. ಬುಡಕ್ಕೆ ಬೂದಿ ಹಾಕಿ, ಹೂ ಬರುವ ಮುಂಚೆ ನೀರು ನಿಲ್ಲಿಸಿ ಎಂದಳು. ಮುಂದಿನ ಭಾನುವಾರ ಬಂದು ಗೊಬ್ಬರ ಹೇಳಿದಳು. ಅದರ ಮುಂದಿನ ಭಾನುವಾರ ಹೇಳಲು ಏನೂ ಇರಲಿಲ್ಲ, ಆದರೂ ಬಂದಳು. ಮರಕ್ಕೆ ರೋಗವೇ ಇಲ್ಲ, ವೈದ್ಯರು ಮಾತ್ರ ತಪ್ಪದೆ ಬರುತ್ತಾರೆ ಎಂದು ಮುದುಕಿ ಗಾಳಿಗೆ ಹೇಳಿದಳು. ಅವನು ಟೀ ಲೋಟ ಹಿಡಿದುಕೊಂಡು ಆಕಾಶ ನೋಡಿದ.

ಒಂದು ಭಾನುವಾರ ಮುದುಕಿ ಒಳಗೆ ಮಲಗಿದ್ದಾಗ ಅವನು ತಾನಾಗಿಯೇ ಹೇಳಿದ.

"ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ, ಮಂಚಾನ ಆ ಕಿಟಕಿ ಕಡೆ ತಿರುಗಿಸಿ ಅಂದ್ಲು. ಮರ ಹೂ ಬಿಟ್ಟಿದ್ದು ಅದೇ ಮೊದಲ ವರ್ಷ. ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ, ಕಾಯಿ ಕಚ್ಚಿದೆಯಾ ಅಂತ. ಹಣ್ಣಾದ ದಿನ ನೀವೇ ತಿರುಚಿ ಕೊಡಿ, ನನ್ನ ಕೈಲಿ ಶಕ್ತಿ ಇಲ್ಲ ಅಂದಿದ್ಲು. ಕೊಡ್ತೀನಿ ಅಂದೆ." ಲೋಟವನ್ನು ಕೆಳಗಿಟ್ಟ. "ಆ ಮಾತು ಹಾಗೇ ಉಳಿದಿದೆ."

ಆ ದಿನದಿಂದ ಆ ಮರ ಹಣ್ಣು ಬಿಡುವಂತೆ ಮಾಡುವುದು ಅವಳಿಗೆ ಬರೀ ಹೆಸರಿನ ಪ್ರಶ್ನೆಯಾಗಿ ಉಳಿಯಲಿಲ್ಲ.

*

ಅತ್ತ ನರ್ಸರಿಯಲ್ಲಿ ಅವಳ ಕಸಿಗಳು ಒಣಗತೊಡಗಿದ್ದವು. ಹತ್ತಕ್ಕೆ ಒಂಬತ್ತು ಹಿಡಿಯುತ್ತಿದ್ದ ಕೈ ಈಗ ಐದಕ್ಕೆ ಇಳಿದಿತ್ತು. ಸಸಿಯ ತೊಗಟೆಗೆ ಕಡ್ಡಿಯ ತೊಗಟೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡಬೇಕು. ಆ ಎಳೆಯೇ ಅವಳಿಗೆ ಕಾಣುತ್ತಿರಲಿಲ್ಲ. ನಿನ್ನ ಕೈಗೆ ಯಾರ ಕಣ್ಣು ಬಿತ್ತೇ ಎಂದು ಅಣ್ಣ ಗೊಣಗಿದ. ನನ್ನ ಕಣ್ಣೇ ಎಂದು ಅವಳಿಗೆ ಗೊತ್ತಿತ್ತು. ಆರು ತಿಂಗಳು ಜಂಬ ಹಿಡಿದು ಕೂತವಳು ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತಿದಳು.

ಅವನು ಗೆದ್ದೆ ಎಂದು ನಗಲಿಲ್ಲ. ಕುರ್ಚಿ ಒರೆಸಿ ಕೂರಿಸಿದ. ಮೂಗಿನ ಮೇಲೆ ಭಾರವಾದ ಗುಂಡು ಫ್ರೇಮು ಇಟ್ಟು, ಒಂದೊಂದೇ ಗಾಜು ಹಾಕಿ ತೆಗೆದ.

"ಇದು ಚೆನ್ನಾಗಿದೆಯೋ, ಇದೋ?"

"ಮೊದಲನೇದು."

"ಇದೋ, ಇದೋ?"

ಫ್ರೇಮು ಸರಿಪಡಿಸಲು ಅವನು ಬಗ್ಗಿದಾಗ ಅವನ ಬೆರಳು ಅವಳ ಕಿವಿಯ ಹಿಂದೆ ಒಂದು ಕ್ಷಣ ನಿಂತಿತು. ಅವನ ಎಡಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲಿತ್ತು, ಉಳಿದವುಗಳಿಗಿಂತ ಉದ್ದ. ಇಷ್ಟು ತಿಂಗಳು ಎದುರು ಕೂತು ಟೀ ಕುಡಿದರೂ ಅದನ್ನು ನೋಡಿರಲಿಲ್ಲವಲ್ಲ ಎಂದುಕೊಂಡಳು.

"ಅಕ್ಷರ ನೋಡಿ. ನನ್ನನ್ನಲ್ಲ."

"ಅಕ್ಷರದ ಮುಂದೆ ನೀವೇ ನಿಂತಿದ್ದೀರಿ. ನಾನೇನು ಮಾಡ್ಲಿ?"

ಮತ್ತೆ ಕಿವಿ ಕೆಂಪು. ಈ ಸಲ ಅದು ಸ್ಪಷ್ಟವಾಗಿ, ಒಂದೊಂದು ನರವೂ ಬಿಡಿಸಿದ ಹಾಗೆ ಕಂಡಿತು.

"ನಂಬರು ಒಂದೂಕಾಲು," ಎಂದ ಅವನು, ಚೀಟಿಯಲ್ಲಿ ಬರೆಯುತ್ತ. ಬರೆದು ಮುಗಿದ ಮೇಲೂ ತಲೆ ಎತ್ತಲಿಲ್ಲ. "ಮರ ಹಣ್ಣು ಬಿಡಲಿ. ಆ ದಿನ ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೀನಿ. ಅದಕ್ಕೆ ಮುಂಚೆ ಕೇಳೋಕೆ ನನ್ನ ಮನಸ್ಸು ಒಪ್ಪಲ್ಲ."

"ಕೇಳಿದ್ರೆ ಉತ್ತರ ಕೊಡೋಕೆ ನಾನೂ ಇರ್ತೀನಿ," ಎಂದಳು ಅವಳು. ಮೆಟ್ಟಿಲಿಳಿಯುವಾಗ ಕಾಲು ನೆಲದ ಮೇಲಿರಲಿಲ್ಲ. ನಲವತ್ತೆರಡಕ್ಕೆ ಇದೇನು ಹುಚ್ಚು ಎಂದು ತನ್ನನ್ನೇ ಬೈದುಕೊಂಡಳು, ಬೈಗುಳದಲ್ಲೂ ಸಿಹಿ ಇತ್ತು.

*

ಕನ್ನಡಕ ಕೈಗೆ ಬಂದ ವಾರವೇ ಹಿತ್ತಿಲಿನ ಮರ ಹೂ ಬಿಟ್ಟಿತು. ಪುಲಾಸಾನಿನ ಹೂವು ಎಳ್ಳಿಗಿಂತ ತುಸು ದೊಡ್ಡದು, ಹಸಿರು, ದಳವಿಲ್ಲ, ಅಂದವೂ ಇಲ್ಲ. ಅವಳು ಟೊಂಗೆ ಬಗ್ಗಿಸಿ, ಹೊಸ ಕಣ್ಣಿನಿಂದ, ಹತ್ತಿರ ಹಿಡಿದು ನೋಡಿದಳು.

ನಡುವೆ ಪುಟ್ಟದೊಂದು ಜೋಡಿ ಉಬ್ಬು ಇರಬೇಕಿತ್ತು, ಮುಂದೆ ಕಾಯಾಗುವಂಥದ್ದು. ಇರಲಿಲ್ಲ. ಬರೀ ಕೇಸರ. ಇನ್ನೊಂದು ಗೊಂಚಲು ನೋಡಿದಳು, ಮತ್ತೊಂದು. ಹತ್ತು ನೋಡಿದಳು. ಎಲ್ಲವೂ ಗಂಡು ಹೂವು. ಇದು ಗಂಡು ಮರ.

ಬೀಜದಿಂದ ಹುಟ್ಟಿದ ಪುಲಾಸಾನಿನಲ್ಲಿ ಅರ್ಧಕ್ಕರ್ಧ ಹೀಗೆ ಗಂಡಾಗಿಬಿಡುತ್ತದೆ. ಅದಕ್ಕೇ ಕಸಿ. ಬೀಜದ ಸಸಿಯ ಮೇಲೆ ತಾಯಿಮರದ ಕಡ್ಡಿ ಕೂಡಿಸಿ ಗಂಟು ಕಟ್ಟಿದರೆ, ಗಂಟಿನ ಮೇಲೆ ಬರುವುದೆಲ್ಲ ತಾಯಿ. ಗಂಟಿನ ಕೆಳಗೂ ಚಿಗುರು ಬರುತ್ತದೆ. ಅದು ಕಾಡು ಚಿಗುರು, ಮೇಲಿನದಕ್ಕಿಂತ ಜೋರಾಗಿ ಏಳುತ್ತದೆ, ಕಂಡ ಕೂಡಲೇ ಚಿವುಟಬೇಕು. ಕಸಿ ಗಿಡ ಕೊಡುವವರು ಗಿರಾಕಿಗೆ ಮೊದಲು ಹೇಳಬೇಕಾದ ಮಾತೇ ಅದು.

ಅವಳು ಬುಡಕ್ಕೆ ಬಗ್ಗಿ ಬೂದಿಯನ್ನೂ ಎಲೆಗಳನ್ನೂ ಸರಿಸಿದಳು. ಕಾಂಡದ ಪಕ್ಕದಲ್ಲಿ ಹೆಬ್ಬೆರಳಿನಷ್ಟು ಒಂದು ಒಣ ಮೋಟು. ಅದರ ಮೇಲೆ ಹಳೆಯ ಗಂಟಿನ ಉಂಗುರ. ಉಂಗುರದ ಮೇಲ್ಗಡೆ ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ ಗುರುತು. ಇಡೀ ಮರ ಎದ್ದು ನಿಂತಿದ್ದದ್ದು ಗಂಟಿನ ಕೆಳಗಿನಿಂದ.

ಎರಡು ಚಿಗುರು. ಯಾವುದನ್ನು ಉಳಿಸಲಿ. ಗದ್ದದಿಂದ ತೋರಿಸಿದ್ದು.

ಜೋರಾಗಿ ಬೆಳೆದದ್ದನ್ನು ತಾನು ತೋರಿಸಿದ್ದು, ತಲೆ ಎತ್ತಿ ಸರಿಯಾಗಿ ನೋಡದೆ. ಆ ಹೆಂಗಸು ಮನೆಗೆ ಬಂದು, ನಗುತ್ತ, ಹೇಳಿದಂತೆಯೇ ಮಾಡಿದ್ದಳು.

"ಏನಾದ್ರೂ ಕಂಡಿತಾ?" ಎಂದು ಅವನು ಬಾಗಿಲಿನಿಂದ ಕೇಳಿದ.

"ನೋಡೋಣ," ಎಂದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಒರೆಸುತ್ತಲೇ ಇದ್ದಳು.

*

ಹೇಳಿದರೆ ಅವನು ಕಾದ ಬಾಗಿಲು ಮುಚ್ಚಿಹೋಗುತ್ತದೆ, ಮುಚ್ಚಿದವಳು ತಾನೇ. ಹೇಳದಿದ್ದರೆ ಅವನು ಕಾಯುತ್ತಲೇ ಇರುತ್ತಾನೆ, ತಾನೂ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಇವತ್ತು ಹೇಳುತ್ತೇನೆ ಎಂದು ಪ್ರತಿ ಭಾನುವಾರ ಬಸ್ಸು ಹತ್ತಿದಳು. ಅವನು ಟೀ ಲೋಟ ಕೊಡುವಾಗ ಬೆರಳು ತಾಕಿದರೆ ಸಾಕು, ಮುಂದಿನ ವಾರ ಎಂದುಕೊಂಡಳು. ಹೀಗೆ ನಾಲ್ಕು ತಿಂಗಳು. ಅಷ್ಟರಲ್ಲಿ ನರ್ಸರಿಯ ತಾಯಿಮರ ಕೆಂಪಗೆ ಹಣ್ಣಾಗಿತ್ತು.

ಆ ಭಾನುವಾರ ಅವನು ಮನೆಯಲ್ಲಿರಲಿಲ್ಲ, ಫ್ರೇಮು ತರಲು ಹೋಗಿದ್ದ. ಮುದುಕಿ ಅವಳ ಕೈ ಹಿಡಿದು ಕೂರಿಸಿಕೊಂಡಳು.

"ಈ ಮರ ಹಣ್ಣು ಬಿಡಲ್ಲ ಅಲ್ವಾ?"

ಕಸಿಯಕ್ಕ ಬಗ್ಗಿ ಕಾಲ ಬಳಿಯ ಒಣ ಎಲೆಯೊಂದನ್ನು ಹೆಕ್ಕಿದಳು.

"ನನಗೆ ಗೊತ್ತು. ನೀವು ಈಗೀಗ ಮರದ ಕಡೆ ನೋಡೋದೇ ಇಲ್ಲ. ಕೇಳಿ ತಾಯಿ, ನನ್ನ ಮಗಳು ಹೋದ್ಲು. ಅಳಿಯಂದಿರು ಬದುಕಿದ್ದಾರೆ. ನಿಮ್ಮ ಮರದ್ದು ಒಂದು ಗೊಂಚಲು ತಂದು ಈ ಕೊಂಬೆಗೆ ಕಟ್ಟಿಬಿಡಿ. ಅವರು ಅದನ್ನ ತಿರುಚಿ ಅವಳ ಫೋಟೋ ಮುಂದೆ ಇಟ್ಟು ಮುಗಿಸ್ಲಿ. ಆಮೇಲೆ ನಿಮ್ಮನ್ನ ಏನು ಕೇಳ್ಬೇಕೋ ಕೇಳ್ಲಿ. ನಾನು ಕಣ್ಣು ಮುಚ್ಚೋದ್ರೊಳಗೆ ಈ ಮನೆಯಲ್ಲಿ ಯಾರಾದ್ರೂ ಒಬ್ಬರು ನಗ್ಬೇಕು."

ಮಗಳನ್ನು ಕಳೆದುಕೊಂಡ ತಾಯಿಯೇ ಹೇಳುತ್ತಿದ್ದಾಳೆ. ಇದರಲ್ಲಿ ಪಾಪವೇನು ಎಂದು ಕಸಿಯಕ್ಕ ತನಗೆ ತಾನೇ ಒಂದು ವಾರ ಹೇಳಿಕೊಂಡಳು. ಮುಂದಿನ ಭಾನುವಾರ ಚೀಲದಲ್ಲಿ ಐದು ಹಣ್ಣಿನ ಗೊಂಚಲು ಇತ್ತು. ಅವನು ಅಂಗಡಿಯಲ್ಲಿದ್ದ. ಅವಳು ಸ್ಟೂಲು ಹತ್ತಿ, ಎಲೆಗಳ ನಡುವೆ ಒಂದು ಕೊಂಬೆ ಆರಿಸಿ, ಗೊಂಚಲಿನ ತೊಟ್ಟನ್ನು ಅದಕ್ಕೆ ಕೂಡಿಸಿದಳು. ಎರಡೂ ಕೈ ಮೇಲೆ, ಹಲ್ಲಿನಲ್ಲಿ ಟೇಪು.

"ಬಿಟ್ಟಿದೆಯಾ?"

ಅವನು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಎಲೆಗಳ ನಡುವಿನ ಕೆಂಪನ್ನಷ್ಟೇ ನೋಡಿದ್ದ. ಅವಳಿಗೆ ಅವನ ಮುಖ ನೋಡಲಾಗಲಿಲ್ಲ, ಖುಷಿಗೆ ಹತ್ತು ವರ್ಷ ಚಿಕ್ಕವನಾಗಿಬಿಟ್ಟಿದ್ದ. "ಹೌದಾ? ನಿಜವಾಗ್ಲೂ ಬಿಟ್ಟಿದೆಯಾ?"

ಅವಳು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಗದ್ದ ಒಂದಿಷ್ಟು ಆಡಿಸಿದ್ದರೆ ಸಾಕಿತ್ತು. ಕುರ್ಚಿಯಲ್ಲಿ ಮುದುಕಿ ಉಸಿರು ಬಿಗಿಹಿಡಿದು ಕೂತಿದ್ದಳು.

ಒಂಬತ್ತು ವರ್ಷದ ಹಿಂದೆ ಒಬ್ಬಳು ಹೀಗೆಯೇ, ಇದೇ ನಂಬಿಕೆಯಲ್ಲಿ, ಕುಂಡ ಹಿಡಿದುಕೊಂಡು ಮುಂದೆ ನಿಂತಿದ್ದಳು. ಕಸಿಯಕ್ಕ ಒಂದು ಕೈ ಬಿಡಿಸಿ ಬಾಯಿಂದ ಟೇಪು ತೆಗೆದಳು. ಗೊಂಚಲು ನೆಲಕ್ಕೆ ಬಿತ್ತು.

"ಇಲ್ಲ," ಎಂದಳು. "ಇದು ಗಂಡು ಮರ. ಹಣ್ಣು ಬಿಡಲ್ಲ. ಯಾವತ್ತೂ ಬಿಡ್ತಿರಲಿಲ್ಲ."

ಸ್ಟೂಲಿನಿಂದ ಇಳಿದು, ಬುಡದ ಎಲೆ ಸರಿಸಿ, ಮೋಟು ತೋರಿಸಿ, ಎಲ್ಲವನ್ನೂ ಹೇಳಿದಳು. ಯಾವ ಚಿಗುರು ಯಾವುದು, ತಾನು ತೋರಿಸಿದ್ದು ಯಾವುದು. ಅಂದು ಐವತ್ತು ಸಸಿ ಬಾಕಿ ಇದ್ದವು, ತಲೆ ಎತ್ತಲಿಲ್ಲ ಎಂದಳು. ಕನ್ನಡಕ ಬಂದ ವಾರವೇ ಗೊತ್ತಾಗಿತ್ತು ಎಂದೂ ಹೇಳಿದಳು.

"ನಾನೇ ಕಟ್ಟೋಕೆ ಹೇಳಿದ್ದು," ಎಂದಳು ಮುದುಕಿ. "ಬೈಯೋದಾದ್ರೆ ನನ್ನ ಬೈಯಿರಿ."

ಅವನು ಯಾರನ್ನೂ ಬೈಯಲಿಲ್ಲ. ಬಗ್ಗಿ ಆ ಮೋಟನ್ನು ಬೆರಳಿನಿಂದ ಮುಟ್ಟಿದ. ಹೆಂಡತಿಯ ಕತ್ತರಿಯ ಗುರುತಿನ ಮೇಲೆ ಬೆರಳು ಬಹಳ ಹೊತ್ತು ಇತ್ತು.

"ಕೊನೇ ದಿನ ಬೆಳಿಗ್ಗೆನೂ ಕೇಳಿದ್ಲು," ಎಂದ. "ಇನ್ನೇನು ಬಿಡುತ್ತೆ ಅಂದೆ."

*

ಮರವನ್ನು ಕಡಿಯುವುದು ಬೇಡ, ಒಂದು ಕೊಂಬೆಗೆ ತಾಯಿಮರದ ಕಡ್ಡಿ ಕಸಿ ಮಾಡಿದರೆ ಅದೊಂದರಲ್ಲಿ ಹಣ್ಣು ಬರುತ್ತದೆ, ಗಂಡು ಹೂ ಪಕ್ಕದಲ್ಲೇ ಇದೆ, ಆದರೆ ಮೂರು ವರ್ಷ ಬೇಕು ಎಂದು ಅವಳು ಹೇಳಿದ್ದಳು. ಹದಿನೈದು ದಿನ ಕಳೆದು ಅವನಿಂದ ಫೋನ್ ಬಂತು. ಬನ್ನಿ, ಅತ್ತೆ ಕೇಳ್ತಿದ್ದಾರೆ, ಎಂದಷ್ಟೇ.

ಕಿಟಕಿಯ ಕಡೆಗಿನ ಕೊಂಬೆಯನ್ನೇ ಆರಿಸಿದಳು. ಹದಿನೆಂಟು ವರ್ಷದಲ್ಲಿ ಅಷ್ಟು ಜೋಪಾನವಾಗಿ ಯಾವ ಕಸಿಯನ್ನೂ ಕಟ್ಟಿರಲಿಲ್ಲ. ಕಟ್ಟಿ ಮುಗಿಸಿ, ಬಾಯಿಂದ ಉಳಿದ ಟೇಪು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಎದುರು ನಿಂತಳು.

"ಈ ಗಂಟಿನ ಮೇಲೆ ಬಂದಿದ್ದನ್ನ ಮಾತ್ರ ಉಳಿಸಿ. ಕೆಳಗಿಂದ ಬಂದಿದ್ದನ್ನ ಚಿವುಟಿ. ಕೆಳಗಿನದೇ ಜೋರಾಗಿ ಬರುತ್ತೆ, ಚೆನ್ನಾಗಿ ಕಾಣುತ್ತೆ, ಆದರೂ ಚಿವುಟಿ. ನಲವತ್ತು ದಿನಕ್ಕೆ ಟೇಪು ಬಿಚ್ಚಿ. ಬಿಚ್ಚೋಕೆ ಬ್ಲೇಡು ಉದ್ದಕ್ಕೆ ಎಳೀಬೇಕು, ಅಡ್ಡಕ್ಕಲ್ಲ."

ಅವನು ಕನ್ನಡಕದ ನಂಬರು ಬರೆಯುವ ಚೀಟಿಯ ಹಿಂದೆ ಒಂದೊಂದನ್ನೂ ಬರೆದುಕೊಂಡ.

"ನಾನೇ ಬಂದು ಬಿಚ್ಚಬಹುದು," ಎಂದಳು ಕಸಿಯಕ್ಕ, ಧೈರ್ಯ ಮಾಡಿ.

ಪೆನ್ನು ನಿಂತಿತು.

"ನಿಮ್ಮ ಮೇಲೆ ಕೋಪ ಇಲ್ಲ. ನಂಬಿ. ನಿಮ್ಮ ಜಾಗದಲ್ಲಿ ಇನ್ಯಾರೇ ಇದ್ದಿದ್ರೂ ಗೊಂಚಲು ಕಟ್ಟಿದ ದಿನ ಹೌದು ಅಂತ ಗದ್ದ ಆಡಿಸಿ ಸುಮ್ಮನಾಗ್ತಿದ್ರು. ಆದರೆ ನಿಮ್ಮನ್ನ ನೋಡಿದ್ರೆ ನನಗೆ ಆ ಮಂಚ ಕಾಣುತ್ತೆ. ಇಷ್ಟಪಡೋ ಮುಖ ನೋಡಿದಾಗಲೆಲ್ಲ ಹಾಗಾಗ್ಬಾರ್ದು. ಇಬ್ಬರಿಗೂ ಅನ್ಯಾಯ." ಅವನ ಕಿವಿ ಕೆಂಪಾಗಲಿಲ್ಲ, ಕಣ್ಣಾಯಿತು. "ನಾನೇ ನೋಡ್ಕೋತೀನಿ."

ಅವಳು ಮುದುಕಿಯ ಕಾಲು ಮುಟ್ಟಿ ಹೊರಟಳು. ಅವನು ಇಷ್ಟಪಡೋ ಮುಖ ಎಂದದ್ದು ಬಸ್ಸಿನಲ್ಲಿ ಕೂತ ಮೇಲೆ ಅವಳ ತಲೆಗೆ ಹೋಯಿತು. ಕೇಳಬೇಕೆಂದಿದ್ದ ಮಾತನ್ನು ಅವನು ಹೇಳಿದ್ದ, ಬೇಡ ಎನ್ನುವಾಗ. ಬಸ್ಸಿನಲ್ಲಿ ಜನರಿದ್ದರು, ಆದರೂ ಅವಳು ಅತ್ತಳು.

*

ಮೂರು ವರ್ಷದಲ್ಲಿ ಕಸಿಯಕ್ಕನ ಮಾತು ಹೆಚ್ಚಾಯಿತು. ಗಿರಾಕಿ ಒಂದು ಪ್ರಶ್ನೆ ಕೇಳಿದರೆ ಟೇಪು ತೆಗೆದಿಟ್ಟು, ಎದ್ದು ನಿಂತು, ಹತ್ತು ಉತ್ತರ ಹೇಳುತ್ತಿದ್ದಳು. ಮೊದಲು ಹಲ್ಲಿಗೆ ಬೀಗ ಇತ್ತು, ಈಗ ಕೀಲಿಯೇ ಕಳೆದುಹೋಗಿದೆ ಎಂದು ಅಣ್ಣ ನಗೆಯಾಡಿದ. ಎರಡನೆಯ ವರ್ಷ ಮುದುಕಿ ತೀರಿಕೊಂಡ ಸುದ್ದಿ ಬಂತು. ಹೋಗಿ ಹತ್ತು ಜನರ ಹಿಂದೆ ನಿಂತು, ಮುಖ ನೋಡಿ, ಅವನ ಕಣ್ಣಿಗೆ ಬೀಳದೆ ಹಿಂತಿರುಗಿದಳು.

ಮೂರನೆಯ ವರ್ಷ, ತಾಯಿಮರ ಹಣ್ಣಾಗಿದ್ದ ಕಾಲದಲ್ಲಿ, ಕೊರಿಯರಿನವನು ಒಂದು ಪೆಟ್ಟಿಗೆ ತಂದುಕೊಟ್ಟ. ಕಳಿಸಿದವರ ವಿಳಾಸ ನೋಡಿ ಅವಳ ಕೈ ನಿಂತಿತು. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ ಅದು. ಅಷ್ಟಕ್ಕೆ ಕೊರಿಯರ್.

ಒಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ಹಣ್ಣು, ಕಡುಗೆಂಪು, ತೊಟ್ಟಿನ ಬಳಿ ಸ್ವಲ್ಪ ಕಪ್ಪಾಗಿತ್ತು. ಪಕ್ಕದಲ್ಲಿ ಕನ್ನಡಕದ ಡಬ್ಬಿ. ಜೊತೆಗೆ ನಂಬರಿನ ಚೀಟಿ, ಹಿಂದೆ ಅವನ ಸಣ್ಣ ಅಕ್ಷರ. ಎಷ್ಟು ಹತ್ತಿರ ಹಿಡಿದರೂ, ದೂರ ಹಿಡಿದರೂ ಹಳೆಯ ಕನ್ನಡಕದಲ್ಲಿ ಅದು ಕಾಣಲಿಲ್ಲ. ಡಬ್ಬಿ ತೆರೆದು ಹೊಸತನ್ನು ಹಾಕಿಕೊಂಡಳು. ಅಕ್ಷರಗಳು ಒಮ್ಮೆಗೇ ಬಿಡಿಬಿಡಿಯಾಗಿ ಎದ್ದು ನಿಂತವು.

'ಎರಡು ಹಣ್ಣು ಬಿಟ್ಟಿತು. ಒಂದನ್ನು ತಿರುಚಿ ಕಿಟಕಿಯಲ್ಲಿ ಇಟ್ಟೆ. ಇನ್ನೊಂದು ನಿಮ್ಮದು. ಮೂರು ವರ್ಷಕ್ಕೆ ನಿಮ್ಮ ಕಣ್ಣು ಒಂದೂಮುಕ್ಕಾಲಿಗೆ ಬಂದಿರಬೇಕು. ಪರೀಕ್ಷೆ ಮಾಡದೆ ಯಾರಿಗೂ ಕನ್ನಡಕ ಕೊಟ್ಟವನಲ್ಲ ನಾನು. ನಿಮ್ಮ ಕಣ್ಣಿನ ಲೆಕ್ಕ ಮಾತ್ರ ಪ್ರತಿ ವರ್ಷ ಇಟ್ಟುಕೊಂಡು ಬಂದೆ. ಕೇಳಬೇಕೆಂದಿದ್ದ ಮಾತು ಇನ್ನೂ ಹಾಗೇ ಇದೆ. ಪ್ರತಿ ಭಾನುವಾರ ಹೊರಡುತ್ತೇನೆ, ಬಸ್ ಸ್ಟಾಪಿನವರೆಗೆ ಬರುತ್ತೇನೆ. ಮುಂದೆ ಕಾಲು ಬರುವುದಿಲ್ಲ. ಕ್ಷಮಿಸಿ.'

ಅವಳು ಚೀಟಿಯನ್ನು ಎರಡು ಸಲ ಓದಿ ಮಡಿಸಿ ಡಬ್ಬಿಯೊಳಗೆ ಇಟ್ಟಳು. ಅವನ ಅಂದಾಜು ಸರಿಯಾಗಿತ್ತು. ಹಣ್ಣನ್ನು ಎರಡೂ ಅಂಗೈ ನಡುವೆ ಹಿಡಿದು ತಿರುಚಿದಳು. ಅದು ಸುಲಭವಾಗಿ ಬಿಟ್ಟುಕೊಂಡಿತು. ಬಹಳ ಸಿಹಿಯಾಗಿತ್ತು, ಅಷ್ಟು ಸಿಹಿ ತಾಯಿಮರದ್ದೂ ಇರಲಿಲ್ಲ, ಅಥವಾ ಅವಳಿಗೆ ಹಾಗನ್ನಿಸಿತು.

ಬೀಜವನ್ನು ಎಸೆಯಲಿಲ್ಲ. ಮಣ್ಣು ತುಂಬಿದ ಕಪ್ಪು ಚೀಲದಲ್ಲಿ ಬೆರಳಿನಿಂದ ಗುಳಿ ಮಾಡಿ ಇಟ್ಟು, ಮುಚ್ಚಿ, ನೀರು ಚಿಮುಕಿಸಿದಳು.

"ಬೀಜ ಹಾಕ್ತಿದ್ದೀಯಾ?" ಎಂದ ಅಣ್ಣ, ಹಿಂದಿನಿಂದ ಬಂದು. "ನೀನು? ಗಂಡೋ ಹೆಣ್ಣೋ ಗೊತ್ತಾಗೋಕೆ ಏಳು ವರ್ಷ ಬೇಕು."

"ಇರ್ಲಿ ಅಣ್ಣ."

"ಕಸಿ ಕಟ್ಟೋದಲ್ವಾ ಇದಕ್ಕೆ?"

"ಇದಕ್ಕೆ ಬೇಡ. ಏನಾಗಿ ಬರುತ್ತೋ ಹಾಗೇ ಬರ್ಲಿ," ಎಂದಳು. ಆಮೇಲೆ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಚಾಕು ಒರೆಸಿ, ಮುಂದಿನ ಸಸಿಯನ್ನು ಕೈಗೆತ್ತಿಕೊಂಡಳು.